ಯೆತರ್ ಎಂದರೆ ಸಾಕು

ಟ್ರೇಯಲ್ಲಿ ಎರಡೂ ಬಂದವು, ಎಡದ್ದು, ಬಲದ್ದು.
ಮುಷ್ಟಿಗಿಂತ ದಪ್ಪ, ಬಿಳಿ, ನುಣುಪು.
ಇಷ್ಟು ಉಬ್ಬಿದರೂ ತಮ್ಮ ಆಕಾರ ಬಿಟ್ಟಿರಲಿಲ್ಲ,
ಅದೇ ನನ್ನ ಅನುಮಾನ.
ಇಲ್ಲೇ ಹುಟ್ಟಿದ್ದು ಸಾಮಾನ್ಯವಾಗಿ ಮನೆ ಕೆಡವಿಕೊಂಡೇ ಬೆಳೆಯುತ್ತದೆ,
ಹೊರಗಿನಿಂದ ಬಂದದ್ದು
ಗೋಡೆಗೆ ಮೊಳೆ ಹೊಡೆಯದ ಬಾಡಿಗೆಯವನ ಹಾಗೆ
ಒಳಗೊಳಗೇ ತುಂಬಿಕೊಳ್ಳುತ್ತದೆ.

ಥಿಯೇಟರಿನಿಂದ ಫೋನು:
"ಬೇಗ ಹೇಳಿ ಡಾಕ್ಟರೇ, ಹೊಟ್ಟೆ ತೆರೆದೇ ಇದೆ."
ಹೆಪ್ಪುಗಟ್ಟಿಸಿ ಕೊಯ್ದ ಚೂರು
ಗುಲಾಬಿ, ನೀಲಿ ಕುಡಿದು ಗಾಜಿನ ಮೇಲೆ ಮಲಗಿತ್ತು.
ಕಿಟಕಿಯಾಚೆ ಸವಲಾನ್ ಬೆಟ್ಟ, ಮೇ ತಿಂಗಳಲ್ಲೂ ಹಿಮ.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.

ಉಂಗುರಗಳು.
ಒಂದೊಂದು ಕೋಶದ ಬಸಿರಲ್ಲೂ ಲೋಳೆಯ ಹನಿ,
ಅದು ನೂಕಿದ ನೂಕಿಗೆ ಅಂಚಿಗೆ ಸರಿದ ಬೀಜ,
ಹರಳು ಕೂರಿಸಿದ ಮುದ್ರೆಯುಂಗುರ.
ಅಕ್ಕಸಾಲಿಗನ ಅಂಗಡಿ ಸೂರೆಯಾಗಿ
ಬೀದಿ ತುಂಬ ಚೆಲ್ಲಿದಂತೆ.
ಈ ಮುದ್ರೆ ಯಾವ ಮನೆಯದೆಂದು ನನಗೆ ಗೊತ್ತು.
"ಜಠರ ನೋಡಿ," ಅಂದೆ ಫೋನಿಗೆ.

ವಾರ ಕಳೆದು ಕೊಳವೆಯೊಂದು ಗಂಟಲಿಳಿದು ಹುಡುಕಿತು.
ಜಠರದ ತಳದಲ್ಲಿ ಮಸೂರದ ಬೇಳೆಯಷ್ಟು ಕಲೆ.
ಕಾಳಿನಷ್ಟು ತವರು.

ಅವಳ ಹೆಸರು ಯೆತರ್, ನಮ್ಮ ಮಾತಿನಲ್ಲಿ 'ಸಾಕು'.
ಆರನೆಯದೂ ಹೆಣ್ಣಾದಾಗ
ಅಜ್ಜಿ ಗುಡಾರದ ಬಾಗಿಲಲ್ಲೇ ನಿಂತು ಇಟ್ಟ ಹೆಸರು.
ನಲವತ್ತಮೂರು ವರ್ಷ. ಹೊಟ್ಟೆ ಮುಂದೆ ಬಂದಾಗ
ಇಪ್ಪತ್ತು ವರ್ಷದ ಮೇಲೆ ದೇವರು ಕಣ್ಣುಬಿಟ್ಟನೆಂದು
ಓರಗಿತ್ತಿಯರು ಪುಟ್ಟ ಕಾಲುಚೀಲ ಹೆಣೆದರು.
ಅದಕ್ಕೂ ಹಿಂದಿನ ಎರಡು ವರ್ಷದ ಹೊಟ್ಟೆಯುರಿಗೆ
ಪುದೀನದ ನೀರು, ಮೊಸರು, ಹರಕೆ.

ರೋಗಿಗಳು ನನ್ನ ಕೋಣೆಗೆ ಬರುವುದಿಲ್ಲ.
ಇವಳು ಬಂದಳು, ಗೋಡೆ ಹಿಡಿದುಕೊಂಡು,
ಹಿಂದೆ ಗಂಡ ಹೈಬತ್, ಕೈಯಲ್ಲಿ ಜೇನಿನ ಡಬ್ಬಿ.
ನೋಡಬೇಕು, ಅಂದಳು. ನೋಡಿದಳು, ಬಹಳ ಹೊತ್ತು.
"ಬಣ್ಣ ಚೆನ್ನಾಗಿ ಹಿಡಿದಿದೆ.
ನಾನೂ ಉಣ್ಣೆಗೆ ಬಣ್ಣ ಹಾಕುವವಳು.
ಈ ಕೆಂಪು ಬೇರಿನದಲ್ಲ, ಅಂಗಡಿಯದು."

ನಾನು ಜಾಣತನ ತೋರಿಸಲು ಹೋದೆ:
"ನೀವು ಚಳಿಗಾಲಕ್ಕೆ ಮುಗಾನ್ ಬಯಲು, ಬೇಸಿಗೆಗೆ ಬೆಟ್ಟ
ಅಂತ ಗುಳೆ ಹೋಗುತ್ತೀರಲ್ಲ, ಇದೂ..."
"ಇಲ್ಲ," ಅಂದಳು.
"ನಾವು ಹೋದ ಹಾದಿಯಲ್ಲೇ ಮರಳುತ್ತೇವೆ.
ಹೊರಡುವ ಮುನ್ನ ಒಲೆಗೆ ನೀರು ಹಾಕುತ್ತೇವೆ.
ಹುಲ್ಲು ಮತ್ತೆ ಏಳಲು ಬಿಡುತ್ತೇವೆ.
ಇದಕ್ಕೆ ಬೇರೆ ಮಾತು ಹುಡುಕಿ."
ನನ್ನ ಬಳಿ ಇರಲಿಲ್ಲ.

ಆಮೇಲೆ, ಗಂಡ ಬಾಗಿಲಾಚೆ ಹೋದ ಮೇಲೆ, ಮೆಲ್ಲಗೆ:
"ಹಾಗಾದರೆ ಅವುಗಳ ತಪ್ಪಿಲ್ಲವೇ?"
"ಯಾವುದರ?"
"ಆ ಎರಡರ.
ಮಗು ಕೊಡಲಿಲ್ಲವೆಂದು ಇಪ್ಪತ್ತು ವರ್ಷ ಬೈದಿದ್ದೇನೆ.
ಇದನ್ನೂ ಅವುಗಳ ತಲೆಗೇ ಕಟ್ಟಿದ್ದೆ."

ಈ ಗಡ್ಡೆಗೆ ತನ್ನ ಹೆಸರು ಬಿಟ್ಟುಹೋದ ಜರ್ಮನ್ ಯುವಕನೂ
ಮೊದಲು ಹಾಗೇ ತಿಳಿದಿದ್ದ, ಅಂಡಾಶಯದ್ದೇ ಎಂದು.
ಅದನ್ನು ಹೇಳಲಿಲ್ಲ.
"ಇಲ್ಲ, ಅವುಗಳ ತಪ್ಪಿಲ್ಲ," ಅಂದೆ.
"ಈಗ ಎಲ್ಲಿವೆ?"
ಕಪಾಟಿನ ಕೆಳಗಿನ ಸಾಲು ತೋರಿಸಿದೆ,
ಪ್ಲಾಸ್ಟಿಕ್ ಡಬ್ಬಿ, ಫಾರ್ಮಲಿನ್, ಮೇಲೆ ಅವಳ ಹೆಸರು.
ಬಗ್ಗಲಾರದೆ ಬಗ್ಗಿ ಮುಚ್ಚಳದ ಮೇಲೆ ಕೈಯಿಟ್ಟಳು.
ಏನೋ ಹೇಳಿದಳು.
ನಾನು ರಿಜಿಸ್ಟರಿನಲ್ಲಿ ಏನೋ ಹುಡುಕುತ್ತಿದ್ದೆ.

ವರದಿಯಲ್ಲಿ 'ಮೂಲ' ಎಂಬ ಕಡೆ
'ಜಠರ' ಎಂದು ಬರೆಯುವಾಗ ಅವಳಿನ್ನೂ ಬಾಗಿಲಲ್ಲಿದ್ದಳು,
ಔಷಧಿ ಶುರುವಾಗುವುದು ಯಾವತ್ತಿನಿಂದ ಎಂದು ಕೇಳುತ್ತ.
ಹದಿನೈದು ದಿನ, ಅಂದೆ.
ಬೆರಳು ಮಡಿಸಿ ಎಣಿಸಿದಳು.
"ನನ್ನ ಕೂದಲು ಉದುರುವ ಮುಂಚೆ
ಕುರಿಗಳದ್ದು ಕತ್ತರಿಸಿ ಮುಗಿಸಬೇಕು."